ಕುದುರಿಯಿಂದ ಮಕ್ಕಳಿಗೆ ಮೆದುಳು ಜ್ವರ ಬರ್ತೈತಿ ಅಂತ ಓಣ್ಯಾಗ ಗಲಾಟಿ ನಡದೈತಿ, ಖರೇನ ಇದು?

ಕಾರಟಗಿ ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಇಲ್ಲಿ ಬರೇ ಓದ್ಕೋತ ಕುಂತಿದ್ದೆ, ಇವತ್ತ ನಾನ ಕೇಳೋ ಟೈಮ್ ಬಂತು. ನಮ್ಮದು ಕಾರಟಗಿ ಹತ್ರ ಹಳ್ಳಿ, ಎಡದಂಡಿ ಕಾಲುವಿ ನೀರು, ಎಲ್ಲಿ ನೋಡಿದ್ರೂ ನೆಲ್ಲು. ನಮ್ಮ ಕಾಕಾಗ ಎರಡು ಕುದುರಿ ಅದಾವ, ಅದಾವ ಅಂದ್ರ ಇದ್ವು, ಈಗ ಒಂದ ಉಳದೈತಿ. ಮದುವಿ ಮೆರವಣಿಗಿ, ಜಾತ್ರಿ, ಇಷ್ಟರ ಮ್ಯಾಲ ಅವರ ಮನಿ ನಡೀತೈತಿ.

ಹೋಗಿದ್ದು ಚಂದ್ರಿ ಅಂತ ಬಿಳಿ ಹೆಣ್ಣು ಕುದುರಿ, ಆರು ವರ್ಷದ್ದು, ಯುಗಾದಿ ಮುಂದ ಕುಷ್ಟಗಿ ಕಡಿಂದ ತಂದಿದ್ವಿ. ನಾಟಿ ಮುಗುದು ಒಂದು ತಿಂಗಳಾಗಿತ್ತೇನೋ, ಒಂದಿನ ಮುಂಜಾನಿ ಮೇವು ಬಾಯಾಗ ಇಟ್ಕೊಂಡು ಹಂಗ ನಿಂತಿತ್ತು, ಅಗೀವಲ್ದು, ನುಂಗವಲ್ದು, ಕೆಳಗಿನ ತುಟಿ ಜೋತು ಬಿದ್ದಿತ್ತು. ಹೊಟ್ಟಿನೋವು ಅನ್ಕೊಂಡ್ವಿ. ಮರುದಿನ ಮೈ ಕೆಂಡ ಕೆಂಡ, ಹಲ್ಲು ಕಡಿಯೋ ಸಪ್ಪಳ ಅಂಗಳದ ತನಕ ಕೇಳ್ತಿತ್ತು. ಮೂರನೇ ದಿನ ಹಿಂದಿನ ಕಾಲು ಒಂದಕ್ಕೊಂದು ಅಡ್ಡ ಹಾಕ್ಕೋತ ಕುಡದವರಂಗ ನಡಿಯಾಕ ಹತ್ತಿತು, ದಿನಾ ಕಟ್ಟೋ ಬೇವಿನ ಗಿಡಕ್ಕ ಹೋಗಿ ಹಣಿ ಹಚ್ಚಿ ಒತ್ಕೊಂಡು ನಿಂತು ಬಿಡ್ತು. ಕಾಕಾ ಹೆಸರು ಹಿಡದು ಕರದ್ರ ಕಿವಿ ಸೈತ ತಿರುಗಿಸಲಿಲ್ಲ. ಡಾಕ್ಟ್ರು ಬಂದು ಸಲೈನ್ ಹಚ್ಚಿದ್ರು, ಜ್ವರದ ಇಂಜೆಕ್ಷನ್ ಮಾಡಿದ್ರು, ಮೆದುಳಿಗೆ ಏರೈತಿ, ಸೊಳ್ಳಿಯಿಂದ ಬರೋ ವೈರಸ್ ಇರಬೌದು ಅಂದ್ರು. ನಾಕನೇ ದಿನ ಮಲಗಿದ್ದು ಏಳಲೇ ಇಲ್ಲ. ಜೆಸಿಬಿ ಕರಿಸಿ ಹೊಲದಾಗ ಹುಗುದ್ವಿ. ರಕ್ತ ಗಿಕ್ತ ಯಾರೂ ತಗೀಲಿಲ್ಲ, ನಮಗೂ ಆವಾಗ ತಲಿ ಓಡಲಿಲ್ಲ.

ಈಗಿನ ತ್ರಾಸ ಏನಂದ್ರ, ಹಿಂದಿನ ಓಣ್ಯಾಗ ಒಂದು ಕೂಸಿಗೆ ಜ್ವರ ಬಂದು ಫಿಟ್ಸ್ ಆಗಿ ಬಳ್ಳಾರಿಗೆ ಒಯ್ದಿದ್ರು. ಪುಣ್ಯಾ, ಈಗ ಆರಾಮ್ ಐತಿ. ಆದ್ರ ಓಣಿ ಹಿರೇರು ನಾಕು ಮಂದಿ ಮನಿಗೆ ಬಂದು, ಉಳಿದ ಕುದುರಿ ಮತ್ತ ಬಾಜು ಮನಿ ಮಡಿವಾಳರ ಎರಡು ಕತ್ತಿ ಎಲ್ಲಾ ಊರ ಹೊರಗ ಒಯ್ರಿ, ಇವುಗಳಿಂದಾನ ಮಕ್ಕಳಿಗೆ ಹತ್ತಾಕತ್ತೈತಿ ಅಂತಾರ. ಖರೇನ ಕುದುರಿಯಿಂದ ಮನಷ್ಯಾಗ ಬರ್ತೈತೇನ್ರಿ? ನಮ್ಮ ಭಾಗದಾಗ ಕುದುರಿ ಕತ್ತಿಗೆ ಈ ರೋಗ ಎಷ್ಟು ಕಾಮನ್? ಮತ್ತ ಅದೇ ಗ್ವಾಡಿ ಆಕಡಿ ಇರೋ ಕತ್ತಿಗೆ ಏನೂ ಆಗಿಲ್ಲ, ಚಂದ್ರಿಗೇ ಯಾಕ? ತಿಳದವರು ಹೇಳ್ರಿ, ಕಾಕಾ ಊಟ ಬಿಟ್ಟು ಕುಂತಾನ.

ಸಿರುಗುಪ್ಪ ಸೋನಾ:

ತಮ್ಮಾ ಬೇಜಾರಾಯ್ತಪ್ಪ ಓದಿ. ನಾನು ಡಾಕ್ಟ್ರಲ್ಲ, ಹದಿನೆಂಟು ಎಕರೆ ನೆಲ್ಲು ಬೆಳೆಯೋನು. ಒಂದು ಮಾತು ಹೇಳ್ತೀನಿ, ಸಂಜೆ ಏಳಕ್ಕೆ ನಮ್ಮ ಗದ್ದೆ ಬದುವಿನ ಮೇಲೆ ಐದು ನಿಮಿಷ ನಿಂತ್ಕೊಂಡ್ರೆ ಸಾಕು, ಸೊಳ್ಳೆ ಎಲ್ಲಿ ಹುಟ್ತಾವೆ ಅಂತ ಗೊತ್ತಾಗುತ್ತೆ. ನಿಮ್ಮ ಓಣಿ ಹಿರೇರಲ್ಲಿ ಗದ್ದೆ ಇಲ್ಲದೋರು ಎಷ್ಟು ಮಂದಿ ಐದಾರೆ ಕೇಳು ಒಂದು ಸಲ. ಕುದುರೆ ಊರ ಹೊರಗೆ ಒಯ್ಯಬೇಕಂತೆ, ಊರ ಹೊರಗೆ ಏನೈತೆ? ಗದ್ದೇನೇ ಐತೆ!

ಹಳೇ ಪಶು ಡಾಕ್ಟ್ರು:

ಸರ್ವೀಸೆಲ್ಲ ಬಳ್ಳಾರಿ ಕೊಪ್ಪಳದಲ್ಲೇ ಕಳೆದೆ, ಈಗ ರಿಟೈರ್ಡು. ಮೊದಲು ನಿಮ್ಮ ಹಿರಿಯರಿಗೆ ಉತ್ತರ: ಇಲ್ಲ, ಬರಲ್ಲ. ಚಂದ್ರಿಗೆ ಆಗಿದ್ದು ಜಪಾನೀಸ್ ಎನ್ಸೆಫಲೈಟಿಸ್ಸೇ ಅಂತ ಇಟ್ಕೊಂಡರೂ, ಅಂದ್ರೆ ಸೊಳ್ಳೆಯಿಂದ ಬರೋ ಮೆದುಳು ಜ್ವರ, ನಾವು ಜೆಇ ಅಂತೀವಲ್ಲ ಅದೇ, ಕುದುರೆಯಿಂದ ಮನುಷ್ಯರಿಗೆ ಅದು ದಾಟಲ್ಲ. ಮುಟ್ಟಿದರೂ ಇಲ್ಲ, ಜೊಲ್ಲು ತಾಗಿದರೂ ಇಲ್ಲ, ಕುದುರೆಗೆ ಕಚ್ಚಿದ ಸೊಳ್ಳೆ ಮಗುವಿಗೆ ಕಚ್ಚಿದರೂ ಇಲ್ಲ.

ಯಾಕೆ ಅಂತ ನಿಮ್ಮ ಕಾಲುವೆ ಲೆಕ್ಕದಲ್ಲೇ ಹೇಳ್ತೀನಿ. ಈ ವೈರಸ್ಸಿಗೆ ಡ್ಯಾಮು ಅಂದ್ರೆ ನೀರು ಹಕ್ಕಿಗಳು, ಬೆಳ್ಳಕ್ಕಿ, ಬಕ, ಕೊಕ್ಕರೆ ಜಾತಿಯವು. ತೂಬು ಅಂದ್ರೆ ಹಂದಿ. ಹಂದಿಗೆ ಸೋಂಕು ತಗುಲಿದರೆ ಎರಡು ಮೂರು ನಾಲ್ಕು ದಿನ ಅದರ ರಕ್ತದಲ್ಲಿ ವೈರಸ್ ತುಂಬಿ ತುಳುಕ್ತಾ ಇರುತ್ತೆ, ಆ ಟೈಮಲ್ಲಿ ಕಚ್ಚಿದ ಸೊಳ್ಳೆ ಎಲ್ಲಾ ವೈರಸ್ ಹೊತ್ಕೊಂಡು ಹೋಗ್ತವೆ. ಕುದುರೆ, ಕತ್ತೆ, ಮನುಷ್ಯ ಈ ಮೂವರೂ ಟೇಲೆಂಡು, ಅಂದ್ರೆ ಕಾಲುವೆಯ ಕಟ್ಟಕಡೆ. ನೀರು ಅಲ್ಲಿಗೆ ಬಂದು ನಿಂತ್ಹೋಗುತ್ತೆ, ಮುಂದಿನ ಗದ್ದೆಗೆ ಹರಿಯಲ್ಲ, ಯಾಕಂದ್ರೆ ಇವರ ರಕ್ತದಲ್ಲಿ ಸೊಳ್ಳೆಗೆ ಅಂಟೋ ಅಷ್ಟು ವೈರಸ್ ಬೆಳೆಯೋದೇ ಇಲ್ಲ. ಕುದುರೆ ಸತ್ತಿದೆ ಅಂದ್ರೆ ಆ ಊರಲ್ಲಿ ವೈರಸ್ ಓಡಾಡ್ತಿದೆ ಅಂತ ಅದು ಎಚ್ಚರಿಕೆ ಕೊಟ್ಟಂಗೆ. ಅದನ್ನ ಓಡಿಸೋದು, ಕಳ್ಳ ಬಂದ ಅಂತ ಬೊಗಳಿದ ನಾಯಿಗೆ ಕಲ್ಲು ಹೊಡೆದಂಗೆ.

ಸೊಳ್ಳೆ ಕ್ಯೂಲೆಕ್ಸ್ ಜಾತೀದು, ಡೆಂಗೀದಲ್ಲ. ಡೆಂಗೀದು ಮನೆ ಡ್ರಮ್ಮು, ಟೈರಲ್ಲಿ ಹುಟ್ಟಿ ಹಗಲು ಕಚ್ಚುತ್ತೆ, ಇದು ನಾಟಿ ಹಾಕಿದ ಗದ್ದೇಲಿ ಹುಟ್ಟಿ ಮುಸ್ಸಂಜೆಯಿಂದ ಬೆಳಗಿನ ಜಾವದ ತನಕ ಕಚ್ಚುತ್ತೆ, ಅದೂ ಬಯಲಲ್ಲಿ ಕಟ್ಟಿದ ದನಕರು ಕಂಡ್ರೆ ಪ್ರಾಣ. ದನದಲ್ಲಿ ಈ ವೈರಸ್ ಬೆಳೆಯಲ್ಲ, ಹಂಗಾಗಿ ದನದ ರಕ್ತ ಕುಡಿದ ಸೊಳ್ಳೆ ವೈರಸ್ ಮಟ್ಟಿಗೆ ವೇಸ್ಟು. ಕಾಲುವೆಗೆ ನೀರು ಬಿಟ್ಟು, ನಾಟಿಯಾಗಿ ಕೆಲವು ವಾರಕ್ಕೆ ಸೊಳ್ಳೆ ಏರ್ತವೆ. ನೀವು ಹೇಳಿದ ಟೈಮು ಅದಕ್ಕೇ ಸರಿಯಾಗಿ ಕೂರ್ತಿದೆ.

ಈಗ ಚಂದ್ರಿಗೇ ಯಾಕೆ ಅನ್ನೋದು. ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಪದ, ಕುಷ್ಟಗಿ. ಒಣಭೂಮಿ ಕಡೆ ಬೆಳೆದ ಕುದುರೆ ಅದು. ಆರು ವರ್ಷ ಅದರ ಮೈಗೆ ಈ ವೈರಸ್ಸಿನ ಗುರುತೇ ಇರಲಿಕ್ಕಿಲ್ಲ, ಒಂದೇ ಸಲಕ್ಕೆ ನೆಲ್ಲಿನ ಮಧ್ಯೆ ತಂದು ಕಟ್ಟಿದಿರಿ. ಮಡಿವಾಳರ ಕತ್ತೆ ಅಲ್ಲೇ ಹುಟ್ಟಿ ಬೆಳೆದಿದ್ರೆ ಚಿಕ್ಕಂದಿನಲ್ಲೇ ಕಚ್ಚಿಸಿಕೊಂಡು, ಒಂದೆರಡು ದಿನ ಮೈ ಬಿಸಿಯಾಗಿ, ಯಾರಿಗೂ ಗೊತ್ತಾಗದಂಗೆ ವಾಸಿಯಾಗಿ ಈಗ ಗಟ್ಟಿಯಾಗಿರಬಹುದು. ಬಹಳಷ್ಟು ಪ್ರಾಣಿಗಳಿಗೆ ಆಗೋದು ಅಷ್ಟೇ. ಆದರೆ ಮೆದುಳಿಗೆ ಏರಿದ ಮೇಲೆ ಕಷ್ಟ, ಕಾಯಿಲೆ ಕಾಣಿಸಿಕೊಂಡ ಕುದುರೆಗಳಲ್ಲಿ ನೂರಕ್ಕೆ 5ರಿಂದ 15 ಸಾಯ್ತವೆ, ಜೋರಾಗಿ ಹಬ್ಬಿದಾಗ 30, 40ರ ತನಕ ಹೋಗಿದ್ದೂ ಇದೆ. ವೈರಸ್ಸಿಗೇ ಅಂತ ಔಷಧಿ ಇಲ್ಲ, ಸಲೈನು, ಜ್ವರ ಊತ ಇಳಿಸೋದು, ಬಿದ್ದು ತಲೆ ಒಡ್ಕೊಳ್ಳದ ಹಾಗೆ ಮರಳು ಹುಲ್ಲು ಹಾಸೋದು ಅಷ್ಟೇ. ನಿಮ್ಮ ಡಾಕ್ಟ್ರು ಮಾಡಿದ್ದೂ ಅದನ್ನೇ, ಅವರನ್ನ ಬೈಕೋಬೇಡಿ.

ಇನ್ನೊಂದು ಮಾತು, ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು. ಮೇವು ನುಂಗದೆ ಬಾಯಲ್ಲಿ ಇಟ್ಕೊಂಡು ನಿಂತಿತ್ತು ಅಂದ್ರಲ್ಲ, ಯಾರಾದ್ರೂ ಬಾಯೊಳಗೆ ಕೈ ಹಾಕಿದ್ರಾ? ಇದೇ ಲಕ್ಷಣ ಹುಚ್ಚುನಾಯಿ ಕಡಿತದ ರೇಬೀಸಲ್ಲೂ ಬರುತ್ತೆ. ನನ್ನ ಸರ್ವೀಸಿನ ಶುರುವಲ್ಲಿ ಒಂದು ಕತ್ತೆಗೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಮೊಣಕೈ ತನಕ ಕೈ ಹಾಕಿ ಹುಡುಕಿದ್ದೆ, ಎರಡು ದಿನ ಬಿಟ್ಟು ಅದು ಹುಚ್ಚೆದ್ದು ಸತ್ತಾಗ ನನ್ನ ಹೆಂಡತಿ ಮುಖ ನೋಡೋಕೆ ಆಗಲಿಲ್ಲ, ಪೂರ್ತಿ ಕೋರ್ಸ್ ಇಂಜೆಕ್ಷನ್ ತಗೊಂಡೆ. ಪರೀಕ್ಷೆ ಆಗದೆ ಹುಗಿದಿದ್ದರಿಂದ ರೇಬೀಸ್ ಅಲ್ಲ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ. ಕೈಗೆ ಗಾಯ ಇದ್ದು ಜೊಲ್ಲು ತಾಗಿದ್ರೆ ಕಾಕಾನ್ನ ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾಳೆ ಬೇಡ.

ಸ್ಯಾಂಪಲ್ ಸೀನ:

ನಾನು ಲ್ಯಾಬ್ ಟೆಕ್ನಿಶಿಯನ್, ಬಳ್ಳಾರಿ. ಡಾಕ್ಟ್ರು ಚೆನ್ನಾಗಿ ಹೇಳಿದಾರೆ, ನಾನು ಎಷ್ಟು ಕಾಮನ್ ಅನ್ನೋ ಪ್ರಶ್ನೆಗೆ ಮಾತ್ರ ಬರ್ತೀನಿ ಯಾಕಂದ್ರೆ ಅಲ್ಲೇ ಜನ ಎಡವೋದು.

ಪೇಪರಲ್ಲಿ ಇಷ್ಟು ಪರ್ಸೆಂಟ್ ಕುದುರೆಗಳಲ್ಲಿ ಜೆಇ ಅಂತ ಬಂದ್ರೆ ಅಷ್ಟು ಕುದುರೆ ಕಾಯಿಲೆ ಬಿದ್ದಿದಾವೆ ಅಂತ ಅರ್ಥ ಅಲ್ಲ. ರಕ್ತದಲ್ಲಿ ಆಂಟಿಬಾಡಿ, ಅಂದ್ರೆ ವೈರಸ್ ವಿರುದ್ಧ ಮೈ ತಯಾರಿಸೋ ರಕ್ಷಣಾ ಅಂಶ, ಸಿಕ್ಕಿದೆ ಅಂತ ಅಷ್ಟೇ, ಅಂದ್ರೆ ಯಾವತ್ತೋ ಒಂದಿನ ವೈರಸ್ ಇರೋ ಸೊಳ್ಳೆ ಕಚ್ಚಿತ್ತು. ಮನೆ ಬಾಗಿಲಿಗೆ ಹಳೇ ಎಲೆಕ್ಷನ್ ಸ್ಟಿಕ್ಕರ್ ಅಂಟಿರುತ್ತಲ್ಲ ಹಂಗೆ, ಕ್ಯಾಂಡಿಡೇಟ್ ಬಂದು ಹೋಗಿದಾನೆ, ಯಾವ ವರ್ಷ ಅಂತ ಸ್ಟಿಕ್ಕರ್ ಹೇಳಲ್ಲ. ಅದಕ್ಕೇ ವಯಸ್ಸಾದ ಕುದುರೇಲಿ ಪಾಸಿಟಿವ್ ಜಾಸ್ತಿ ಬರುತ್ತೆ, ಜಾಸ್ತಿ ಮಳೆಗಾಲ ನೋಡಿರುತ್ತೆ ಅಷ್ಟೇ. ವಯಸ್ಸು ರಿಸ್ಕು ಅಂತ ಓದಿ ಮುದಿ ಕುದುರೆ ಮಾರಿ ಹರೇದ್ದು ತರೋರೂ ಇದಾರೆ, ಉಲ್ಟಾ ಲೆಕ್ಕ ಅದು. ಇನ್ನು ಮರಿ ಇದ್ರೆ ತಾಯಿ ಹಾಲಿಂದ ಬಂದ ಆಂಟಿಬಾಡಿ ಕೆಲವು ತಿಂಗಳು ಇರುತ್ತೆ, ಅದೂ ಪಾಸಿಟಿವ್ ತೋರ್ಸುತ್ತೆ.

ಎರಡನೇ ಗೊಂದಲ, ವೆಸ್ಟ್ ನೈಲ್ ಅಂತ ಇನ್ನೊಂದು ವೈರಸ್ ಇದೆ, ಇದರ ದಾಯಾದಿ, ಅದೂ ಕ್ಯೂಲೆಕ್ಸ್ ಸೊಳ್ಳೆಯಿಂದಲೇ ಬಂದು ಕುದುರೆ ಮೆದುಳಿಗೇ ಹೋಗೋದು. 1937ರಲ್ಲಿ ಉಗಾಂಡಾದಲ್ಲಿ ಸಿಕ್ಕಿದ್ದು, 1999ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಮೇರಿಕಾ ಕುದುರೆಗಳನ್ನ ಸಿಕ್ಕಾಪಟ್ಟೆ ಕೊಂದಿತ್ತು. ಆಂಟಿಬಾಡಿ ಹುಡುಕೋ ಎಲಿಸಾ ಟೆಸ್ಟಲ್ಲಿ ಇವೆರಡೂ ಒಂದರ ಬಟ್ಟೆ ಒಂದು ಹಾಕ್ಕೊಂಡು ಬರ್ತವೆ. ಬೇರೆ ಬೇರೆ ಮಾಡೋಕೆ ನ್ಯೂಟ್ರಲೈಸೇಶನ್ ಟೆಸ್ಟ್, ಅಂದ್ರೆ ಆ ಆಂಟಿಬಾಡಿ ಯಾವ ವೈರಸ್ಸನ್ನ ತಡೆಯುತ್ತೆ ಅಂತ ನೋಡೋದು, ಮಾಡಬೇಕು, ಅದು ಎಲ್ಲಾ ಲ್ಯಾಬಲ್ಲೂ ಆಗಲ್ಲ. ಕುದುರೆ ಕತ್ತೆ ವಿಚಾರಕ್ಕೇ ಅಂತ ದೇಶಕ್ಕೆ ಇರೋದು ಹರಿಯಾಣದ ಹಿಸಾರಲ್ಲಿ, ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆ ಮೂಲಕವೇ ಕಳಿಸಬೇಕು, ನೀವು ಕೊರಿಯರ್ ಮಾಡೋಕೆ ಹೋಗ್ಬೇಡಿ.

ಚಂದ್ರಿದು ಇನ್ನು ಗೊತ್ತಾಗಲ್ಲ. ಉಳಿದಿರೋ ಕುದುರೆ, ಕತ್ತೆಗಳದ್ದು ತಗಿಸಿ. ರಕ್ತ ಹೆಪ್ಪುಗಟ್ಟೋ ಟ್ಯೂಬಲ್ಲಿ, ಅಂದ್ರೆ ಕೆಂಪು ಮುಚ್ಚಳದ್ದು, ಸೀರಮ್ (ಹೆಪ್ಪಿನ ಮೇಲೆ ನಿಲ್ಲೋ ತಿಳಿ) ಬೇರೆ ಮಾಡಿ ಐಸಲ್ಲಿ ಕಳಿಸಬೇಕು. ಎರಡು ವಾರ ಬಿಟ್ಟು ಮತ್ತೊಂದು ಸಲ. ಎರಡನೇದರಲ್ಲಿ ಆಂಟಿಬಾಡಿ ನಾಲ್ಕು ಪಟ್ಟು ಏರಿದ್ರೆ ಈಗಿಂದು, ಹಂಗೇ ಇದ್ರೆ ಹಳೇದು. ಟ್ಯೂಬಿನ ಮೇಲೆ ಹೆಸರು ಪೆನ್ಸಿಲಲ್ಲಿ ಬರೆದು ಮೇಲೆ ಟೇಪ್ ಹಚ್ಚಿಸಿ ದಯವಿಟ್ಟು. ಒಂದ್ಸಲ ನಮ್ಮ ಕಡೆ ಒಂದು ಬಾಕ್ಸ್ ಬಂತು, ಐಸ್ ಕರಗಿ ಸ್ಕೆಚ್ ಪೆನ್ ಎಲ್ಲಾ ನೀಲಿ ನೀರಾಗಿ ಹನ್ನೊಂದು ಟ್ಯೂಬಿಗೂ ಹೆಸರಿಲ್ಲ. ಎಲ್ಲಿಂದ ಅಂತ ಹೇಳಲ್ಲ ಬಿಡಿ.

ಮಕ್ಕಳ ವಿಚಾರ ಓಣಿಯವರಿಗೆ ಹೇಳಿ. ದೇಶದಲ್ಲಿ ಜೆಇ ಲಸಿಕೆ ಅಭಿಯಾನ 2006ರಲ್ಲಿ 11 ಜಿಲ್ಲೇಲಿ ಶುರುವಾದಾಗ ಕರ್ನಾಟಕದಿಂದ ಇದ್ದಿದ್ದು ನಮ್ಮ ಬಳ್ಳಾರಿ. ಸುಮ್ನೆ ಆರಿಸಿರಲಿಲ್ಲ ಅಲ್ವಾ. ಈಗ ಅಂಗನವಾಡೀಲಿ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಒಂದು ಹಾಕ್ತಾರೆ. ಕುದುರೆ ಓಡಿಸೋ ಮೊದಲು ತಾಯಿ ಕಾರ್ಡ್ ತೆಗೆದು ನೋಡ್ಕೊಳ್ಳಿ ಅನ್ನಿ.

ಮಾನ್ವಿ ಮಂದಿ:

ಎಲ್ಲಾ ಓದ್ದೆ. ಕುದುರಿ ಮ್ಯಾಲಿಂದ ತೆಗದು ಹಂದಿ ಮ್ಯಾಲ ಹಾಕಿದ್ರಿ, ಇನ್ನ ನಾಳಿಂದ ಓಣಿ ಮಂದಿ ನಮ್ಮ ಮನಿಗೆ ಬರ್ತಾರ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಹಂದಿ ಸಾಕ್ತೀವಿ. ಡಾಕ್ಟ್ರು ಹೇಳಿದ್ದು ಸುಳ್ಳು ಅನ್ನಂಗಿಲ್ಲ, ಮಳಿಗಾಲದಾಗ ಗಬ್ಬದ ಹಂದಿ ಸತ್ತ ಮರಿ ಹಾಕ್ತಾವ, ಕೆಲವು ಒಣಗಿ ಕರ್ರಗ ಆಗಿರ್ತಾವ, ಅದೂ ಇದೇ ರೋಗ ಇರಬೌದು ಅಂತ ಒಬ್ಬ ಡಾಕ್ಟ್ರು ನಮ್ಮಪ್ಪಗ ಹೇಳಿದ್ರು. ನಷ್ಟ ನಮಗೂ ಅದ. ಆದ್ರ ಹಂದಿ ಓಡಿಸ್ರಿ ಅನ್ನೋರು ಚರಂಡಿ ಮಾಡಸ್ರಿ ಅನ್ನಂಗಿಲ್ಲ, ಕಸ ತುಂಬ್ರಿ ಅನ್ನಂಗಿಲ್ಲ. ನಮಗ ಊರಿಂದ ದೂರ ಒಂದು ಜಾಗ ಕೊಡ್ರಿ, ಶೆಡ್ ಹಾಕ್ಕೊಂಡು ಸೊಳ್ಳಿ ಪರದಿ ಬಿಟ್ಟು ಸಾಕ್ತೀವಿ ಅಂತ ಎಷ್ಟು ಸಲ ಅರ್ಜಿ ಕೊಟ್ಟೀವಿ ಕೇಳ್ರಿ. ಬೆಳ್ಳಕ್ಕಿಗೆ ಯಾರೂ ಏನೂ ಅನ್ನಂಗಿಲ್ಲ ಯಾಕಂದ್ರ ಅದಕ್ಕ ಮಾಲೀಕರಿಲ್ಲ.

ಹಳೇ ಪಶು ಡಾಕ್ಟ್ರು:

ಮಾನ್ವಿಯವರೇ, ನೀವು ಹೇಳಿದ್ದು ನ್ಯಾಯ, ನಾನು ತೂಬು ಅಂತ ಬರೆದು ಕೈ ತೊಳ್ಕೊಂಡೆ, ತಪ್ಪಾಯ್ತು. ಹಂದಿ ಇಲ್ಲದಿದ್ರೂ ಹಕ್ಕಿ ಸೊಳ್ಳೆ ಹಕ್ಕಿ ಅಂತ ವೈರಸ್ ಸುತ್ತುತ್ತಲೇ ಇರುತ್ತೆ. 2022ರಲ್ಲಿ ಆಸ್ಟ್ರೇಲಿಯಾದಲ್ಲಿ ಒಳ್ಳೊಳ್ಳೆ ಹಂದಿ ಫಾರಮ್ಮುಗಳಿಗೇ ಜೆಇ ಬಂತು, ಅಲ್ಲೇನು ಬೀದಿ ಹಂದಿ ಇರಲಿಲ್ಲ, ಜೋರು ಮಳೆಯಾಗಿ ನೀರು ನಿಂತು ಹಕ್ಕಿ, ಸೊಳ್ಳೆ ಏರಿದ್ದವು. ಹಂದಿ ಮಲಗೋ ಜಾಗ ಮತ್ತೆ ಕುದುರೆ ಕಟ್ಟೋ ಜಾಗ, ಮಕ್ಕಳು ಮಲಗೋ ಜಾಗ ದೂರ ಇರಬೇಕು ಅಷ್ಟೇ ನಾನು ಹೇಳೋದು. ಎಷ್ಟು ದೂರ ಅಂದ್ರೆ, ಈ ಸೊಳ್ಳೆ ಒಂದೆರಡು ಕಿಲೋಮೀಟರ್ ಆರಾಮಾಗಿ ಹಾರುತ್ತೆ, ಹಂಗಾಗಿ ನಾಲ್ಕು ಮನೆ ಆಚೆ ಕಟ್ಟಿದ್ರೆ ಪ್ರಯೋಜನ ಇಲ್ಲ.

ಕುರಿ ಹಿಂಡಿನ ಮಗ:

ನಮ್ಮದು ಲಿಂಗಸುಗೂರು ಕಡಿ. ಕುರಿ ಹಿಂಡಿನ ಸಂಗಾಟ ಎರಡು ಕುದುರಿ ಮೂರು ಕತ್ತಿ ಇರ್ತಾವ ನಮ್ಮವು, ಹಾಸಿಗಿ ಪಾತ್ರಿ ಸಣ್ಣ ಮರಿ ಹೊತ್ಕೊಂಡು ಹೋಗಾಕ. ಸುಗ್ಗಿ ಆದಮ್ಯಾಲ ಸಿಂಧನೂರು ಕಡಿ ಗದ್ದ್ಯಾಗ ಕುರಿ ತರಬಿಸ್ತೀವಿ, ರಾತ್ರಿ ಅಲ್ಲೇ ಬಯಲಾಗ. ಅಂದ್ರ ಡಾಕ್ಟ್ರ ಲೆಕ್ಕದಾಗ ಎಲ್ಲಾ ರಿಸ್ಕೂ ನಮಗ ಐತಿ.

ಒಂದು ಅನುಭವ ಹೇಳ್ತೀನಿ. ಸೊಳ್ಳಿ ನೊಣ ಭಾಳ ಆಗ್ಯಾವಂತ ನಮ್ಮಣ್ಣ ಎಮ್ಮಿ ಉಣ್ಣಿಗೆ ಹಚ್ಚೋ ಆಮಿಟ್ರಾಜ್ ಎಣ್ಣಿ ನೀರಾಗ ಕಲಿಸಿ ಕುದುರಿ ಮೈತುಂಬಾ ಹಚ್ಚಿಬಿಟ್ಟ. ಸಂಜಿಗೆ ಕುದುರಿ ತೂಕಡಿಸಿಕೊಂಡು ನಿಂತು, ಎರಡು ದಿನ ಲದ್ದಿ ಹಾಕಲಿಲ್ಲ, ಹೊಟ್ಟಿ ನಗಾರಿ ಆಗಿತ್ತು. ಬದುಕ್ತು, ಆದ್ರ ಡಾಕ್ಟ್ರ ಹತ್ರ ಬೈಸಿಕೊಂಡ್ವಿ, ಅದು ಕುದುರಿ ಜಾತಿಗೆ ಹಚ್ಚಲೇಬಾರದಂತ, ಕರಳು ನಿಂತು ಹೋಗ್ತಾವಂತ. ಈಗ ಬೇವಿನ ಸೊಪ್ಪಿನ ಹೊಗಿ ಹಾಕ್ತೀವಿ, ಅದೂ ಗಾಳಿ ಬರೋ ಕಡಿ ದೂರ ಇಟ್ಟು, ಮೂಗಿಗೆ ಬಡಿಯಂಗಲ್ಲ. ನಿಮಗ ಕರೆಂಟ್ ಐತಿ ಮನ್ಯಾಗ, ಒಂದು ಟೇಬಲ್ ಫ್ಯಾನ್ ಹಚ್ಚಿ ಬಿಡ್ರಿ ಕುದುರಿಗೆ, ಸೊಳ್ಳಿ ಗಾಳಿಗೆ ನಿಲ್ಲಂಗಿಲ್ಲ.

ಹಳೇ ಪಶು ಡಾಕ್ಟ್ರು:

ನೂರಕ್ಕೆ ನೂರು ಸರಿ. ಆಮಿಟ್ರಾಜ್ ಕುದುರೆ ಕತ್ತೆ ಎರಡಕ್ಕೂ ಬೇಡ. ಸಂಜೆ ಆರರೊಳಗೆ ಒಳಗೆ ಕಟ್ಟಿ, ಕಿಟಕಿ ಬಾಗಿಲಿಗೆ ಸೊಳ್ಳೆ ಪರದೆ, ಒಳಗೆ ಫ್ಯಾನು. ಜಪಾನ್, ಹಾಂಗ್‌ಕಾಂಗ್ ಕಡೆ ಕುದುರೆಗೇ ಜೆಇ ಲಸಿಕೆ ಹಾಕ್ತಾರೆ, ಜಪಾನಲ್ಲಿ 1948, 49ರಲ್ಲಿ ಕುದುರೆಗಳಿಗೆ ದೊಡ್ಡದಾಗಿ ಹಬ್ಬಿತ್ತು, ಲಸಿಕೆ ಬಂದಮೇಲೆ ಅಲ್ಲಿ ಕುದುರೆಗೆ ಬರೋದು ಅಪರೂಪವಾಯ್ತು. ನನ್ನ ಸರ್ವೀಸಲ್ಲಿ ನಾನು ಆ ಬಾಟ್ಲಿ ಕೈಯಲ್ಲಿ ಹಿಡಿದಿಲ್ಲ. ಮಕ್ಕಳ ಲಸಿಕೆ ತಂದು ಕುದುರೆಗೆ ಹಾಕಿಸ್ತೀವಿ ಅಂತ ಒಬ್ಬರು ಫೋನ್ ಮಾಡಿದ್ರು, ದಯವಿಟ್ಟು ಬೇಡ!

ಮತ್ತೆ ಉಳಿದ ಕುದುರೆಗೆ ಬಿಟ್ಟು ಬಿಟ್ಟು ಜ್ವರ, ಕಾಲು ಊತ, ಹಿಂದಿನ ಕಾಲು ಸೋಲೋದು ಕಂಡ್ರೆ ಎಲ್ಲಾನೂ ಜೆಇ ಅನ್ಕೋಬೇಡಿ. ಸರ್ರಾ ಅಂತ ಇದೆ, ದೊಡ್ಡ ಕಚ್ಚೋ ನೊಣದಿಂದ ಬರೋದು, ವೈರಸ್ ಅಲ್ಲ, ರಕ್ತದ ಸ್ಲೈಡಲ್ಲಿ ಹುಳ ಕಾಣುತ್ತೆ, ಅದಕ್ಕೆ ಔಷಧಿ ಇದೆ. 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಬರುತ್ತೆ.

ಸಿರುಗುಪ್ಪ ಸೋನಾ:

ಗದ್ದೆ ಕಡೆಯಿಂದ ಏನು ಮಾಡಬಹುದು ಅಂತ ಯಾರೂ ಬರೀಲಿಲ್ಲ. ನಾವು ಎರಡು ಸಲದಿಂದ ನೀರು ಕಟ್ಟಿ ನಿಲ್ಲಿಸೋದು ಬಿಟ್ಟೀವಿ, ನೆಲ ಸಣ್ಣಗೆ ಬಿರುಕು ಬಿಡೋ ತನಕ ಆರಿಸಿ ಮತ್ತೆ ಬಿಡ್ತೀವಿ. ನಾವು ಮಾಡಿದ್ದು ಟೇಲೆಂಡಿಗೆ ನೀರು ಸಾಲಲ್ಲ ಅಂತ, ಸೊಳ್ಳೆಗಲ್ಲ. ಆದ್ರೆ ಗದ್ದೆ ಆರಿದ್ರೆ ಮರಿಹುಳ ಸಾಯ್ತಾವೆ ಅಂತ ಆಮೇಲೆ ಗೊತ್ತಾಯ್ತು. ಇಳುವರಿ ಏನೂ ಕಮ್ಮಿ ಆಗಿಲ್ಲ. ಒಬ್ಬ ಮಾಡಿದ್ರೆ ಸೊಳ್ಳೆ ಬಾಜು ಗದ್ದೇಲಿ ಹುಟ್ತಾವೆ ಅನ್ನೋದು ಬೇರೆ ಮಾತು.

ಕಾರಟಗಿ ಹುಡುಗ:

ಎಲ್ಲಾರಿಗೂ ಕೈ ಮುಗಿತೀನಿ. ಡಾಕ್ಟ್ರ ಮಾತು ಓದಿದ ಕೂಡ್ಲೇ ಕಾಕಾನ್ನ ಕೇಳಿದೆ, ಮೇವು ತಗ್ಯಾಕ ಅಂತ ಎರಡು ಸಲ ಬಾಯಾಗ ಕೈ ಹಾಕಿದ್ನಂತ, ಬೆರಳಿಗೆ ಕುಡುಗೋಲು ತಾಗಿದ ಗಾಯ ಬ್ಯಾರೆ. ಅವತ್ತ ದವಾಖಾನಿಗೆ ಕರ್ಕೊಂಡು ಹೋದೆ, ಮೊದಲನೇ ಇಂಜೆಕ್ಷನ್ ಆತು, ಉಳಿದವಕ್ಕ ತಾರೀಕು ಬರದು ಕೊಟ್ಟಾರ. ಇದು ನನಗ ಹೊಳದೇ ಇರಲಿಲ್ರಿ.

ನಿನ್ನೆ ಪಶು ಡಾಕ್ಟ್ರು ಬಂದು ಕುದುರಿದು, ಎರಡೂ ಕತ್ತಿದು ರಕ್ತ ತಗೊಂಡ್ರು. ಓಣಿ ಮಂದಿ ಎಲ್ಲಾ ಸುತ್ತ ನಿಂತಿದ್ರು, ಡಾಕ್ಟ್ರೇ ಅವರ ಮುಂದ ಕುದುರಿಯಿಂದ ಬರಂಗಿಲ್ಲ ಅಂತ ಹೇಳಿದ್ರು. ಅರ್ಧ ಮಂದಿ ನಂಬಿದ್ರು, ಅರ್ಧ ಮಂದಿ ಅಂಗನವಾಡಿ ಕಾರ್ಡ್ ಹುಡುಕಾಕ ಮನಿಗೆ ಹೋದ್ರು, ಮೂರು ಕೂಸಿಗೆ ಎರಡನೇ ಡೋಸ್ ಹಾಕಿಸೇ ಇಲ್ಲಂತ. ಪೆನ್ಸಿಲ್ ನಾನ ಕೊಟ್ಟೆ ಸೀನಣ್ಣ, ಟೇಪೂ ಹಚ್ಚಿಸೀನಿ.

ಮೊದಲು ಗಲಾಟಿ ಎಬ್ಬಿಸಿದ ಹಿರೇರು ಕಡೀತನಕ ನಿಂತಿದ್ರು. ಅವರ ಮನಿ ಹುಣಸಿ ಗಿಡದಾಗ ದಿನಾ ಸಂಜಿಗೆ ನೂರಾರು ಬೆಳ್ಳಕ್ಕಿ ಬಂದು ಕುಂದರ್ತಾವ, ಕೆಳಗ ನೆಲ ಎಲ್ಲಾ ಸುಣ್ಣ ಬಳದಂಗ ಇರ್ತೈತಿ. ಡಾಕ್ಟ್ರು ಬ್ಯಾಗ್ ಕಟ್ಟೋವಾಗ ಅದರ ಕಡೆ ಒಂದು ಸಲ ನೋಡಿದ್ರು, ಹಿರೇರೂ ನೋಡಿದ್ರು, ಏನೂ ಮಾತಾಡಲಿಲ್ಲ. ಎರಡನೇ ಸಲ ರಕ್ತ ತಗ್ಯಾಕ ಅಮಾಸಿ ಆದಮ್ಯಾಲ ಬರ್ತೀನಿ ಅಂದಾರ, ರಿಪೋರ್ಟ್ ಬಂದ್ರ ಇಲ್ಲೇ ಹಾಕ್ತೀನಿ.